ಮೀನಿನ ಜೊತೆ ಮೊಸರು

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಧೈರ್ಯ ತುಂಬುವ ಮಾತುಗಳು ನನ್ನ ಬಳಿ ಹೆಚ್ಚಿಲ್ಲ. ಅವನ್ನೆಲ್ಲ ಬೇರೆಯವರು ನನಗೆ ಹೇಳಿ ಮುಗಿಸಿದ್ದಾರೆ. 'ಏನೂ ಆಗಲ್ಲ ಬಿಡಿ ಮೇಡಂ' ಎಂದವರಲ್ಲಿ ಒಬ್ಬರಿಗೂ ನನಗೆ ಏನಾಗಿದೆ ಎಂಬುದು ನೆಟ್ಟಗೆ ಗೊತ್ತಿರಲಿಲ್ಲ. ನಾನು ಹೇಳಬಲ್ಲದ್ದು ಊಟದ ವಿಷಯ. ಒಂದು ಬಟ್ಟಲು ಊಟ ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂಬುದರ ಮೇಲೆ ನನ್ನ ಜೀವ ನಿಂತಿದ್ದ ದಿನಗಳ ವಿಷಯ.

ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದೆ. ಗಂಡ ಮಲ್ಲಪ್ಪ ಅಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಾರೆ. ನಮ್ಮೂರು ಯಾದಗಿರಿ ಕಡೆ, ಭೀಮಾ ಹೊಳೆಯ ದಂಡೆ. ಇಲ್ಲಿಗೆ ಬಂದು ಬಾಡಿಗೆ ಮನೆಗಳನ್ನು ಬದಲಾಯಿಸುತ್ತಲೇ ಮಗಳು ಹೈಸ್ಕೂಲಿಗೆ ಬಂದಳು. ಅಷ್ಟರಲ್ಲಿ ನನ್ನ ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು ಎದ್ದಿತು. ಪಕ್ಕದ ಹಲ್ಲು ಚೂಪಾಗಿತ್ತು, ಅದು ತಾಗಿ ಆಗಿರಬೇಕು ಅಂದುಕೊಂಡೆ. ಜೇನುತುಪ್ಪ ಹಚ್ಚಿದೆ, ತುಪ್ಪ ಹಚ್ಚಿದೆ, ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದರೂ ಹುಣ್ಣು ಹೋಗಲಿಲ್ಲ. 'ಮಿಸ್, ನೀವ್ಯಾಕೆ ಹಿಂಗ್ ಮಾತಾಡ್ತೀರಾ?' ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದ ದಿನ ಗಂಡನಿಗೆ ಹೇಳಿದೆ.

ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಅಲ್ಲಿ ಎದುರಾದ ಪ್ರತಿಯೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ.

"ತಂಬಾಕು ಹಾಕ್ತೀರಾ?"

"ಇಲ್ಲ."

"ಕಡ್ಡಿಪುಡಿ? ಗುಟ್ಕಾ?"

"ಇಲ್ಲ ಅಂದೆನಲ್ಲ."

ಅವರು ನಂಬಲಿಲ್ಲ. ಯಾದಗಿರಿ ಕಡೆಯವಳೆಂದ ಮೇಲೆ ಹಾಕಿಯೇ ಇರಬೇಕು ಎಂಬ ಮುಖ ಮಾಡಿದರು. ರಿಪೋರ್ಟ್ ಬಂದ ದಿನ ಡಾಕ್ಟರು ಮೇಜಿನ ಆಚೆಯಿಂದ ನನ್ನ ತಲೆಯ ಮೇಲೆ ಹಾಯಿಸಿ ಗಂಡನಿಗೆ ವಿಷಯ ಹೇಳಿದರು. ನಾಲಿಗೆ ನನ್ನದು, ನಾನು ಅಲ್ಲೇ ಕೂತಿದ್ದೆ, ಆದರೂ 'ನಿಮ್ಮ ಮಿಸೆಸ್‌ಗೆ' ಎಂದೇ ಮಾತು ಶುರುವಾಯಿತು. ಮಲ್ಲಪ್ಪ ತಲೆ ಆಡಿಸುತ್ತಾ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ, "ಚಾ ಕುಡೀತೀಯೇನು?" ಎಂದರು. ಕುಡಿದೆವು. ಅವರು ಒಂದೇ ಚಾಕ್ಕೆ ಎರಡು ಸಲ ದುಡ್ಡು ಕೊಟ್ಟರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಎಂದು ಈಗಲೂ ಹೇಳಲಾರೆ.

ನಾಲಿಗೆಯ ಒಂದು ಭಾಗ ಕತ್ತರಿಸಿ ತೆಗೆದರು. ಗಾಯ ಮಾಗುತ್ತಿದ್ದಂತೆ ಕರೆಂಟ್ ಕೊಡಬೇಕು ಎಂದರು. ರೇಡಿಯೇಶನ್ ಅನ್ನು ಆ ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲರೂ ಕರೆಂಟ್ ಅಂತಲೇ ಕರೆಯುತ್ತಾರೆ. ಮಗಳನ್ನು ಶಹಾಪುರದ ನನ್ನ ಅಕ್ಕನ ಮನೆಗೆ ಕಳಿಸಿದೆವು. ಊರಿನಿಂದ ಅತ್ತೆ ಬಂದರು. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಕೆಂಪು ಖಾರದ ಡಬ್ಬಿ ತಂದಿದ್ದರು. ಒಂದನ್ನೂ ನಾನು ಬಾಯಿಗೆ ಇಡುವ ಹಾಗಿರಲಿಲ್ಲ. ಅದನ್ನು ತಿಳಿದ ಮೇಲೆ ಅವರು ಆ ಡಬ್ಬಿಯನ್ನು ತೆರೆಯದೆ ಅಟ್ಟದ ಮೇಲಿಟ್ಟರು.

ಕರೆಂಟ್ ಕೊಡುವ ಕೋಣೆ ನೆಲಮಾಳಿಗೆಯಲ್ಲಿತ್ತು. ಮುಖಕ್ಕೆ ಜಾಲರಿಯಂಥ ಮುಖವಾಡ ಹಾಕಿ, ತಲೆ ಅಲುಗದಂತೆ ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಿದ್ದರು. ನೋವೇನೂ ಆಗುವುದಿಲ್ಲ. ನೋವು ಆಮೇಲೆ, ಮನೆಗೆ ಬಂದ ಮೇಲೆ, ಎರಡನೆಯ ವಾರ ಮೂರನೆಯ ವಾರ ಶುರುವಾಗುತ್ತದೆ. ಬಾಯಿಯ ಒಳಗೆಲ್ಲ ಹುಣ್ಣೆದ್ದಿತು. ಉಗುಳು ಅಂಟಿನ ಹಾಗೆ ಗಟ್ಟಿಯಾಯಿತು. ರುಚಿ ಪೂರ್ತಿ ಹೋಯಿತು. ಅನ್ನ ಬಾಯಲ್ಲಿಟ್ಟರೆ ಮರಳು, ನೀರು ಕುಡಿದರೆ ತುಕ್ಕು. ಗಂಟಲಲ್ಲಿ ಇಳಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಆ ನೆಲಮಾಳಿಗೆಯಲ್ಲಿ ಸಿಕ್ಕವರು ಸೆಲ್ವಿ ಅಕ್ಕ. ಹಲಸೂರಿನವರು, ಮನೆಯ ಮುಂದೆಯೇ ಹೂ ಕಟ್ಟಿ ಮಾರುತ್ತಿದ್ದರು. ಅವರಿಗೆ ಗಂಟಲಲ್ಲಿ ಇದೇ ರೋಗ. ಅವರ ಸರದಿ ಮುಗಿದ ಮೇಲೆ ನನ್ನದು. ಮುಖವಾಡದ ಗುರುತು ಕೆನ್ನೆಯ ಮೇಲೆ ಒತ್ತಿಕೊಂಡೇ ಹೊರಗೆ ಬಂದು, "ಹೋಗಮ್ಮಾ ಟೀಚರ್, ಬೆಡ್ ಬಿಸಿ ಮಾಡಿಟ್ಟಿದೀನಿ," ಎನ್ನುತ್ತಿದ್ದರು. ನನಗೆ ಅಲ್ಲಿ ನಗು ಬಂದದ್ದೇನಾದರೂ ಇದ್ದರೆ ಅವರಿಂದ ಮಾತ್ರ.

ವಾರಕ್ಕೊಮ್ಮೆ ತೂಕ ನೋಡುತ್ತಿದ್ದರು. ಪ್ರತಿ ಸಲವೂ ಇಳಿದಿರುತ್ತಿತ್ತು. ತೂಕ ಹೀಗೇ ಇಳಿದರೆ ಮುಖವಾಡ ಸಡಿಲವಾಗುತ್ತದೆ, ಮೈ ತಡೆಯುವುದಿಲ್ಲ, ಕರೆಂಟ್ ನಡುವೆ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಇಲ್ಲಿಯವರೆಗೆ ಪಟ್ಟ ಪಾಡೆಲ್ಲ ನೀರುಪಾಲು ಎಂದು ಡಾಕ್ಟರು ಈ ಸಲ ನನಗೇ ಹೇಳಿದರು. ಇಲ್ಲದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಅದರಲ್ಲೇ ಊಟ. ಬೆಂಚಿನ ಮೇಲೆ ಅಂಥವರು ಇದ್ದರು. ನಳಿಗೆಯನ್ನು ಕೆನ್ನೆಗೆ ಪಟ್ಟಿ ಹಾಕಿ ಅಂಟಿಸಿಕೊಂಡು ಸುಮ್ಮನೆ ಗೋಡೆ ನೋಡುತ್ತಿದ್ದರು. ನಳಿಗೆಯಿಂದ ಬದುಕಿದವರು ಬಹಳ ಮಂದಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಈಗ ಗೊತ್ತು. ಆಗ ಮಾತ್ರ, ಅದು ಒಳಗೆ ಹೋದರೆ ನನ್ನ ಬಾಯಿ ಮತ್ತೆಂದೂ ನನ್ನದಾಗುವುದಿಲ್ಲ ಎಂಬ ಹೆದರಿಕೆ ಹಿಡಿದುಬಿಟ್ಟಿತ್ತು.

ಊಟದ ಸಲಹೆ ಕೊಡಲು ಒಬ್ಬ ಹುಡುಗಿ ಇದ್ದಳು. ಓದಿಕೊಂಡ ಹುಡುಗಿ, ಮಾತು ಮೆತ್ತಗೆ.

"ನಾನ್‌ವೆಜ್ ತಿಂತೀರಲ್ವಾ ಮೇಡಂ? ಹಾಗಾದ್ರೆ ಈಸಿ. ಮುಳ್ಳಿಲ್ದಿರೋ ಮೀನು ಹಬೆಯಲ್ಲಿ ಬೇಯ್ಸಿ. ಗಟ್ಟಿ ಮೊಸರು, ಸ್ವಲ್ಪ ಕೆನೆ, ಸಬ್ಬಸಿಗೆನೋ ಕೊತ್ತಂಬ್ರಿನೋ ನುಣ್ಣಗೆ ರುಬ್ಬಿ ಸಾಸ್ ಥರ ಮಾಡಿ ಮೇಲೆ ಹಾಕ್ಕೊಳ್ಳಿ. ಖಾರ ಬೇಡ, ಹುಳಿ ಬೇಡ. ಜಾರ್ಕೊಂಡು ಹೋಗುತ್ತೆ, ಶಕ್ತಿನೂ ಬರುತ್ತೆ."

ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆ ಹುಡುಗಿಗೆ ತಾನು ಏನು ಹೇಳಿದೆ ಎಂಬುದು ತಿಳಿದಿರಲಿಲ್ಲ.

ನಮ್ಮದು ಹೊಳೆಯಲ್ಲಿ ಬಲೆ ಹಾಕುವವರ ಮನೆತನ. ಮೀನು ನಮಗೆ ಹೊಸದಲ್ಲ. ಆದರೆ ಮೀನಿನ ಜೊತೆ ಹಾಲು, ಮೊಸರು, ಮಜ್ಜಿಗೆ ಯಾವುದನ್ನೂ ನಮ್ಮವರು ಮುಟ್ಟುವುದಿಲ್ಲ. ಮುಟ್ಟಿದರೆ ತೊನ್ನು ಬರುತ್ತದೆ, ಮೈಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಮನೆಯಲ್ಲಿ ಮೀನು ಮಾಡಿದ ದಿನ ಮೊಸರಿನ ಗಡಿಗೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ. ಮೀನು ಹೆಚ್ಚಿದ ಕೈ ಸ್ನಾನವಾಗುವ ತನಕ ಹಾಲಿನ ಕಡೆ ಸುಳಿಯುವಂತಿಲ್ಲ. ಸಣ್ಣವಳಿದ್ದಾಗ ಮೀನಿನ ಸಾರು ಉಂಡು ಖಾರಕ್ಕೆ ಮಜ್ಜಿಗೆಯ ಚರಿಗೆಗೆ ಕೈ ಹಾಕಿದ್ದಕ್ಕೆ ನನ್ನವ್ವ ಕೆನ್ನೆಗೆ ಬಾರಿಸಿದ್ದಳು. ನಾನು ಓದಿದವಳು, ಪಾಠ ಹೇಳುವವಳು. ಆದರೂ ಆ ಹುಡುಗಿಯ ಮಾತು ಕೇಳುವಾಗ ನನ್ನ ಮೈ ಜುಮ್ಮೆಂದಿತು.

ಸೆಲ್ವಿ ಅಕ್ಕನಿಗೆ ಹೇಳಿದರೆ ಅವರು ಸೆರಗು ಸರಿಸಿ ಎರಡೂ ತೋಳುಗಳನ್ನು ತೋರಿಸಿದರು. "ಅದೇ ನಾನು ತಿಂತಾ ಇರೋದು. ನಮ್ಮ ಮಗಳು ಮಾಡ್ಕೊಡ್ತಾಳೆ. ನೋಡಮ್ಮಾ, ಎಲ್ಲಾದ್ರೂ ಬಿಳೀ ಇದೆಯಾ? ಕರ್ರಗೆ ಹಂಗೇ ಇದೀನಿ. ಮೊದ್ಲು ಜೀವ ಉಳಿಸ್ಕೋ, ಬಣ್ಣ ಆಮೇಲ್ ನೋಡ್ಕೊಳ್ಳೋಣ."

ಮನೆಗೆ ಬಂದು ಅತ್ತೆಗೆ ಹೇಳಿದೆವು. ಅವರು ಒಲೆಯ ಮುಂದಿನಿಂದ ತಿರುಗಲೇ ಇಲ್ಲ.

"ಆಗೂದಿಲ್ಲ," ಎಂದರು. "ಈ ಮನ್ಯಾಗ ಆಗೂದಿಲ್ಲ. ಇರೂ ಒಂದು ರೋಗ ಸಾಲದೇನು? ತೊನ್ನು ಬೇರೆ ತರ್ಸಬೇಕೇನು? ನಾಳಿ ಮೊಮ್ಮಗಳನ್ನ ಯಾರ್ ಮಾಡ್ಕೋತಾರ?"

ಮಲ್ಲಪ್ಪ ಏನೋ ಹೇಳಹೋದರು. "ನೀ ಸುಮ್ನಿರು. ನಾ ಹೊಳೀ ದಂಡ್ಯಾಗ ಹುಟ್ಟೀನಿ. ಮೀನಿನ ಮಾತು ನಂಗ ಯಾರೂ ಕಲಿಸೂದು ಬ್ಯಾಡ," ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ನನಗೆ ಒಳಗೊಳಗೆ ಸಮಾಧಾನವೇ ಆಯಿತು ಎನ್ನಬೇಕು. ಬೇಡ ಎನ್ನುವ ಕೆಲಸವನ್ನು ಅವರು ಮಾಡಿದರು, ನಾನು ಮಾಡಬೇಕಾಗಲಿಲ್ಲ.

ಅತ್ತೆ ಸುಮ್ಮನೆ ಕೂತವರಲ್ಲ. ಜೋಳದ ಗಂಜಿ ಸೋಸಿ ಕೊಟ್ಟರು. ಬೇಳೆಯ ಕಟ್ಟು ಕೊಟ್ಟರು. ರಾಗಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದರು. ಉಪ್ಪು ಮಾತ್ರ ಹಾಕುತ್ತೇನೆಂದು ಮೀನಿನ ಸಾರು ಮಾಡಿದರು, ಆದರೆ ಅಭ್ಯಾಸಬಲದಿಂದ ಕೈ ಹುಣಸೆಹಣ್ಣಿನ ಕಡೆ ಹೋಗಿಬಿಟ್ಟಿತ್ತು. ಒಂದು ಗುಟುಕಿಗೆ ಬಾಯಿಗೆ ಬೆಂಕಿ ಬಿದ್ದ ಹಾಗಾಗಿ ನಾನು ಬಟ್ಟಲನ್ನು ನೆಲಕ್ಕೆ ಕುಕ್ಕಿದೆ. ಸಾರು ಅವರ ಸೀರೆಯ ಮೇಲೆ ಹಾರಿತು. ಅವರು ನೆಲ ಒರೆಸಿದರು. ಸಾರಿಲ್ಲದೆ ಬೇಯಿಸಿದ ಮೀನು ಗಂಟಲಲ್ಲಿ ಸಿಕ್ಕಿ ಕೆಮ್ಮು ಬರುತ್ತಿತ್ತು. ಬರೀ ಹಾಲು ಕುಡಿದರೆ ವಾಂತಿ. ಆಮೇಲಾಮೇಲೆ ಬಟ್ಟಲು ಕಂಡರೆ ಗೋಡೆಯ ಕಡೆ ತಿರುಗಿ ಮಲಗಲು ಕಲಿತೆ. ಸಾಯುತ್ತೇನೆ ಎಂದು ಅನಿಸುತ್ತಿರಲಿಲ್ಲ, ಸತ್ತರೆ ಊಟ ಮಾಡಬೇಕಾಗಿಲ್ಲ ಎಂದು ಅನಿಸುತ್ತಿತ್ತು.

ಗಂಡನಿಗೆ ರಜೆ ಮುಗಿದು ಅತ್ತೆಯೇ ನನ್ನ ಜೊತೆ ಮೆಟ್ರೋದಲ್ಲಿ ಬರತೊಡಗಿದರು. ಒಂದು ಶುಕ್ರವಾರ ತೂಕ ನೋಡಿದ ಡಾಕ್ಟರು ನಿಟ್ಟುಸಿರು ಬಿಟ್ಟರು. "ಇನ್ ಕಾಯೋಕಾಗಲ್ಲ. ಸೋಮವಾರ ಟ್ಯೂಬ್ ಹಾಕ್ಬಿಡೋಣ," ಎಂದರು. ಅತ್ತೆಗೆ ಅರ್ಥವಾಗಲಿಲ್ಲ. ಬೆಂಚಿನ ಮೇಲೆ ನಳಿಗೆ ಹಾಕಿಸಿಕೊಂಡ ಒಬ್ಬ ಗಂಡಸಿಗೆ ಅವನ ಹೆಂಡತಿ ದೊಡ್ಡ ಸಿರಿಂಜಿನಿಂದ ಗಂಜಿ ಬಿಡುತ್ತಿದ್ದಳು. ನಾನು ಕೈಮಾಡಿ ತೋರಿಸಿದೆ. ಅತ್ತೆ ಅವರ ಎದುರಿಗೇ ಹೋಗಿ ನಿಂತು ನೋಡಿದರು. ನನಗೆ ನಾಚಿಕೆಯಾಯಿತು.

"ಇವರ್ಗೆ ರುಚಿ ತಿಳೀತದೇನವ್ವಾ?" ಎಂದು ಆ ಹೆಂಗಸನ್ನು ಕೇಳಿದರು.

"ಎಲ್ಲಿಂದ ತಿಳೀಬೇಕಮ್ಮಾ," ಎಂದಳು ಅವಳು. "ತಿಂದೆ ಅಂತಾನೂ ಗೊತ್ತಾಗಲ್ಲ ಅಂತಾರೆ."

ಅತ್ತೆ ವಾಪಸು ಬಂದು ನನ್ನ ಪಕ್ಕ ಕೂತರು. "ಮೀನು ಎಲ್ಲಿ ಸಿಗ್ತದ ಇಲ್ಲಿ?" ಎಂದು ಕೇಳಿದರು.

ಆಟೋ ಹಿಡಿದು ಶಿವಾಜಿನಗರಕ್ಕೆ ಹೋದೆವು. ನನ್ನನ್ನು ರಸೆಲ್ ಮಾರುಕಟ್ಟೆಯ ಹೊರಗೆ ಒಂದು ಹಣ್ಣಿನ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಒಳಗೆ ಹೋಗುತ್ತೇನೆಂದರು. ನಾನು ಬಿಡಲಿಲ್ಲ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆಯೇ ಹೋದೆ. ಐಸಿನ ಮೇಲೆ ಸಾಲಾಗಿ ಮಲಗಿಸಿದ್ದ ಸಮುದ್ರದ ಮೀನುಗಳನ್ನು ನೋಡಿ ಅತ್ತೆ ಮೂಗು ಮುರಿದರು. ಕಿವಿರು ಎತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಮೀನಿನವನು ಮೊದಲು ರೇಗಿದ. ಆಮೇಲೆ ನನ್ನ ಕತ್ತಿನ ಮೇಲೆ ಆಸ್ಪತ್ರೆಯವರು ಹಾಕಿದ ಗೆರೆಗಳನ್ನು ಕಂಡ.

"ಪೇಶಂಟ್‌ಗಾ ಅಮ್ಮಾ? ಮೊದ್ಲೇ ಹೇಳ್ಬಾರ್ದಾ? ಅದು ಬಿಡಿ, ಮುಳ್ಳು ಜಾಸ್ತಿ. ಈ ಕೊಡುವಾ ತಗೊಳ್ಳಿ, ಬೆಣ್ಣೆ ಥರ ಇರುತ್ತೆ," ಎಂದು ಚರ್ಮ, ಮುಳ್ಳು ತೆಗೆದು ಬಿಳಿಯ ತುಂಡುಗಳನ್ನು ಮಾತ್ರ ಕಟ್ಟಿಕೊಟ್ಟ. ಸೊಪ್ಪಿನ ಅಂಗಡಿಯಲ್ಲಿ ಅತ್ತೆ ಸಬ್ಬಸಿಗೆಯ ಒಂದು ಕಟ್ಟು ಆರಿಸಿದರು. ಮೊಸರಿನ ಪ್ಯಾಕೆಟ್ಟನ್ನು ನನ್ನ ಕೈಯಿಂದಲೇ ಕೊಳ್ಳಿಸಿ, ದಾರಿಯುದ್ದಕ್ಕೂ ನನ್ನ ಚೀಲದಲ್ಲೇ ಇಡಿಸಿದರು. ಮೀನು ಅವರ ಚೀಲದಲ್ಲಿ. ಮೆಟ್ರೋದಲ್ಲಿ ಇಬ್ಬರ ನಡುವೆ ಒಂದು ಸೀಟು ಖಾಲಿ ಬಿಟ್ಟು ಕೂತರು.

ಮನೆಯ ಮೊಸರಿನ ಪಾತ್ರೆಯನ್ನು ಅವರು ಮುಟ್ಟಲಿಲ್ಲ. ಹೊಸ ಬಟ್ಟಲು ತೆಗೆದರು. ಮೊಸರನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದರು. ಮೀನಿಗೆ ಉಪ್ಪು ಸವರಿ ಇಡ್ಲಿ ಪಾತ್ರೆಯಲ್ಲಿ ಬೇಯಲು ಇಟ್ಟರು. ಬೆಂದ ಮೇಲೆ ಬೆರಳಿನಿಂದ ಎಳೆ ಎಳೆ ಬಿಡಿಸಿ ಮುಳ್ಳು ಹುಡುಕಿದರು, ಒಂದೇ ಒಂದು ಸಿಕ್ಕಿತು, ಅದನ್ನು ನನಗೆ ತೋರಿಸಿ ಎಸೆದರು. ಸಬ್ಬಸಿಗೆಯನ್ನು ಬಿಸಿನೀರಲ್ಲಿ ಅದ್ದಿ ಕೆನೆಯ ಜೊತೆ ರುಬ್ಬಿ ಸ್ವಲ್ಪ ಬೆಚ್ಚಗೆ ಮಾಡಿದರು. ಒಲೆ ಆರಿಸಿದ ಮೇಲೆ ಮೊಸರು ಸೇರಿಸಿ, ಒಡೆಯದ ಹಾಗೆ ಒಂದೇ ಕಡೆಗೆ ತಿರುವಿದರು. ತಿಳಿಹಸಿರು ಬಣ್ಣದ ನುಣ್ಣನೆಯ ಸಾಸ್ ಆಯಿತು. ಎರಡೂ ಬೇರೆ ಬೇರೆ ಪಾತ್ರೆಯಲ್ಲಿದ್ದವು. ಅಲ್ಲಿ ಅತ್ತೆಯ ಕೈ ನಿಂತಿತು. ಕಣ್ಣು ಮುಚ್ಚಿ ಊರ ದೇವಿಯ ಹೆಸರು ಹೇಳಿ, "ತಪ್ಪು ನಂದು, ಅಕೀದಲ್ಲ," ಎಂದರು. ಆಮೇಲೆ ಮೀನಿನ ಮೇಲೆ ಸಾಸ್ ಸುರಿದರು.

ನಾನು ಬಟ್ಟಲಿಗೆ ಕೈಚಾಚಿದೆ. ಅವರು ಕೊಡಲಿಲ್ಲ. ಚಮಚದಲ್ಲಿ ತೆಗೆದು ಮೊದಲ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಅಗಿದರು, ನುಂಗಿದರು. ಹೆದರಿಕೆಗೆ ಅವರ ಕತ್ತಿನ ನರ ಎದ್ದು ಕಾಣುತ್ತಿತ್ತು.

"ಬರೂದಿದ್ರ ಇಬ್ಬರಿಗೂ ಬರ್ಲಿ," ಎಂದರು. "ಈಗ ಉಣ್ಣು."

ಉಂಡೆ. ರುಚಿ ತಿಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಸಬ್ಬಸಿಗೆಯ ಪರಿಮಳ ಮೂಗಿಗೆ ಬಂತು. ನಾಲಿಗೆ ಕಳೆದುಕೊಂಡದ್ದನ್ನು ಮೂಗು ಕಳೆದುಕೊಂಡಿರಲಿಲ್ಲ. ತಣ್ಣಗೆ, ಉರಿಯದೆ ಅದು ಗಂಟಲಲ್ಲಿ ಇಳಿಯಿತು. ಅರ್ಧ ಬಟ್ಟಲು ಮುಗಿಸುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ಮೀನು ಮೊಸರು ಕೂಡಿದ ಆ ಬಟ್ಟಲನ್ನು ಅತ್ತೆ ಹೊರಗಿನ ನಲ್ಲಿಯಲ್ಲಿ ಬೇರೆಯಾಗಿ ತೊಳೆದರು.

ಸೋಮವಾರ ತೂಕ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಡಾಕ್ಟರು ನಳಿಗೆಯನ್ನು ಮುಂದೂಡಿದರು. ಕರೆಂಟ್ ಮುಗಿಯುವ ತನಕ ಅತ್ತೆ ಅದೇ ಊಟ ಮಾಡಿದರು, ಪ್ರತಿ ಸಂಜೆಯೂ ಮೊದಲ ತುತ್ತು ಅವರದ್ದು. ನಾನು ಬಾಯಿ ತೆರೆಯದ ದಿನಗಳಲ್ಲಿ ನನಗೆ ಸಿಟ್ಟು ಬರಿಸಲೆಂದೇ ತಟ್ಟೆ ಹಾಕಿಕೊಂಡು ಎದುರಿಗೆ ಕೂತು ಉಂಡರು. ಅಷ್ಟು ಹೆದರಿಕೊಂಡು ಊಟ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ನನ್ನ ಮುಂದಿನ ಸರದಿಯಲ್ಲಿ ಬೇರೆ ಯಾರೋ ಇದ್ದರು. ಸೆಲ್ವಿ ಅಕ್ಕ ಎಲ್ಲಿ ಎಂದು ನರ್ಸನ್ನು ಕೇಳಿದೆ. "ಅವ್ರು ಬರಲ್ಲ ಮೇಡಂ," ಎಂದಷ್ಟೇ ಹೇಳಿದರು. ಹಲಸೂರಿನಲ್ಲಿ ಅವರ ಮನೆ ಎಲ್ಲಿ ಎಂದು ನಾನು ಯಾವತ್ತೂ ಕೇಳಿಟ್ಟುಕೊಂಡಿರಲಿಲ್ಲ. ಆ ದಿನ ಮೇಜಿನ ಮೇಲೆ ಮಲಗಿದಾಗ ಮುಖವಾಡದೊಳಗೇ ಅತ್ತುಬಿಟ್ಟೆ. ಒರೆಸಿಕೊಳ್ಳಲು ಕೈ ಎತ್ತುವ ಹಾಗಿರಲಿಲ್ಲ.

ಕರೆಂಟ್ ಮುಗಿಯಿತು. ಕತ್ತಿನ ಚರ್ಮ ಸುಟ್ಟು ಕಪ್ಪಾಗಿ, ಸುಲಿದು ಬಿತ್ತು. ಕೆಳಗೆ ಹೊಸ ಚರ್ಮ ಬಂತು. ಎಡಗಡೆ ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಅದು ಬೆಳ್ಳಗೇ ಉಳಿಯಿತು. ಕೆಲವರಿಗೆ ಹೀಗಾಗುತ್ತದೆ, ಬಣ್ಣ ಬಂದರೂ ಬರಬಹುದು, ಬರದೆಯೂ ಇರಬಹುದು, ಇದಕ್ಕೂ ಊಟಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಅತ್ತೆಯ ಎದುರಿಗೇ ಹೇಳಿದರು. ಅತ್ತೆ ಕೈಮುಗಿದು ಕೇಳಿಸಿಕೊಂಡರು. ಮೆಟ್ಟಿಲು ಇಳಿಯುವಾಗ, "ಅವರಿಗೇನ್ ಗೊತ್ತು," ಎಂದರು.

ಮನೆಯಲ್ಲಿ ನಾನು ಪಾಠದ ಹಾಗೆ ಮತ್ತೆ ಮತ್ತೆ ಹೇಳಿದೆ. ನಾಲಿಗೆ ಸರಿಯಾಗಿ ತಿರುಗದು, ಒಂದು ವಾಕ್ಯಕ್ಕೆ ಉಗುಳು ಒಣಗುತ್ತದೆ, ಮಧ್ಯೆ ಮಧ್ಯೆ ನೀರು ಕುಡಿದು ಹೇಳಿದೆ. "ಅತ್ತಿ, ಕರೆಂಟ್ ಬಿದ್ದ ಜಾಗಕ್ಕ ಅಷ್ಟೇ ಆಗ್ಯಾದ. ಮೀನಿಂದಾದ್ರ ಕೈಗಿ, ಕಾಲಿಗಿ ಬರ್ತಿರ್ಲಿಲ್ಲೇನ್ರಿ?" ಅವರು ಹೂಂ ಎಂದರು. ನಾನು ನಿದ್ದೆ ಮಾಡಿದ್ದೇನೆ ಎಂದುಕೊಂಡು ನನ್ನ ಕತ್ತಿನ ಬಳಿ ಬಗ್ಗಿ ಆ ಬಿಳಿಯನ್ನು ನೋಡುತ್ತಿದ್ದರು.

ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಊರಿಗೆ ಹೋದೆವು. ಸೆರಗು ಎಷ್ಟು ಹೊದ್ದರೂ ಕಂಡಿತು. ಹೆಂಗಸರು ಪಿಸುಗುಟ್ಟಿದರು. ಒಬ್ಬಾಕೆ ಬಾಯಿಬಿಟ್ಟು ಕೇಳಿಯೇಬಿಟ್ಟಳು, "ಇದು ತೊನ್ನಲ್ಲೇನ?" ಹೇಳಲೆಂದು ನಾನು ನೀರಿನ ಬಾಟಲಿ ಎತ್ತುವಷ್ಟರಲ್ಲಿ ಅತ್ತೆ ನನ್ನ ಮುಂದೆ ಬಂದು ನಿಂತರು.

"ಹೌದು, ತೊನ್ನೇ. ಮೀನಿಗಿ ಮೊಸರು ಕೂಡ್ಸಿ ನಾನೇ ಉಣಿಸೀನಿ, ನನ್ನ ಕೈಯಾರೆ. ಉಣಿಸ್ಲಿಲ್ಲಂದ್ರ ಇಕಿ ಇವತ್ತು ಇಲ್ಲಿ ಇರ್ತಿರ್ಲಿಲ್ಲ. ಅನ್ನೂದಿದ್ರ ನಂಗ ಅನ್ರಿ."

ಹಾಗಲ್ಲ ಎಂದು ನಾನು ಅನ್ನಬಹುದಿತ್ತು. ಬಾಯಿ ಒಣಗಿತ್ತು, ಮಾತು ಹೊರಡಲಿಲ್ಲ. ನನ್ನನ್ನು ಬದುಕಿಸಿದ್ದೇ ತಾನು ಮಾಡಿದ ದೊಡ್ಡ ತಪ್ಪು ಎಂದು ಈ ಹೆಂಗಸು ಸಾಯುವ ತನಕ ಹೊತ್ತುಕೊಂಡಿರುತ್ತಾಳೆ ಎಂದು ಆಗ ಗೊತ್ತಾಯಿತು.

ಈಗ ನಾನು ಶಾಲೆಗೆ ಹೋಗುತ್ತಿಲ್ಲ. ನನ್ನ ಬಾಯಿಂದ ಬರುವ ಅಕ್ಷರ ಮಕ್ಕಳಿಗೆ ತಿಳಿಯುವುದಿಲ್ಲ. ಮಗಳು ವಾಪಸು ಬಂದಿದ್ದಾಳೆ. ಸಾರು ಅನ್ನ ಕಲಸಿ ನೀರು ಕುಡಿಯುತ್ತಾ ಉಣ್ಣುತ್ತೇನೆ. ಪರೀಕ್ಷೆಗೆ ಕರೆದಾಗಲೆಲ್ಲ ಹೋಗುತ್ತೇನೆ, ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ರೋಗ ಹೋಗಿದೆ ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಈಗ ಕಾಣುತ್ತಿಲ್ಲ ಎನ್ನುತ್ತಾರೆ.

ಮೊನ್ನೆ ಬೆಳಿಗ್ಗೆ ಅತ್ತೆ ಬಾಗಿಲ ಬಿಸಿಲಿನಲ್ಲಿ ಕೂತು ತೋಳುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ದಿನವೂ ನೋಡುತ್ತಾರೆ. ಅವತ್ತು ನನ್ನನ್ನು ಕೂಗಿದರು. ಹೋಗಿ ಬಗ್ಗಿ ನೋಡಿದೆ. ಮೊಣಕೈ ಕೆಳಗೆ ಸಾಸಿವೆ ಕಾಳಿನಷ್ಟು ಎರಡು ಮೂರು ಬಿಳಿ ಚುಕ್ಕೆಗಳಿದ್ದವು. ವಯಸ್ಸಾದವರ ಕೈಮೇಲೆಲ್ಲ ಇರುತ್ತವೆ, ನಮ್ಮ ಬಾಡಿಗೆ ಮನೆಯ ಓನರ್ ಅಜ್ಜನ ಕೈಮೇಲೂ ಇವೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಮುಖ ಸಡಿಲವಾದದ್ದನ್ನು ಕಂಡೆ.

"ಬಂತು ನೋಡವ್ವಾ," ಎಂದರು. "ನಂಗೂ ಬಂತು."

ನೀರು ಕುಡಿದು, ನಾಲಿಗೆ ಒದ್ದೆ ಮಾಡಿಕೊಂಡೆ.

"ಹೌದತ್ತಿ," ಎಂದೆ. "ಬಂದದ."